ಒಬ್ಬಳಿಗಾಗಿ ದಿನಾಂಕ ಬದಲಾದಾಗ: ಒಂದು ತಾಲ್ಲೂಕು ಕ್ರೀಡಾಕೂಟದ ಪ್ರಕರಣ

ಚೆನ್ನಾಗಿ ಓಡುವ ಮಗುವಿಗೆ ಅನುಕೂಲ ಆಗಲಿ ಎಂದು ಪ್ರೌಢಶಾಲಾ ಕ್ರೀಡಾಕೂಟದ ವೇಳಾಪಟ್ಟಿ ಬದಲಿಸಬಹುದೇ? ಪ್ರತಿ ವರ್ಷ ಯಾವುದಾದರೂ ತಾಲ್ಲೂಕಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಹೆಚ್ಚಿನ ಸಲ ಮೈಕಿನ ಪಕ್ಕ ನಿಂತು ಎರಡು ಮಾತಿನಲ್ಲಿ ತೀರ್ಮಾನ ಮುಗಿಸುತ್ತಾರೆ. ಯಾರೂ ಬರೆದಿಡುವುದಿಲ್ಲ. ಹಾಗಾಗಿ ಮುಂದಿನ ವರ್ಷ ಮತ್ತೆ ಮೊದಲಿನಿಂದ ಜಗಳ.

ಇಲ್ಲಿ ಹೇಳುವ ಪ್ರಕರಣದಲ್ಲಿ ನಾನು ಮೇಲ್ಮನವಿ ಸಮಿತಿಯಲ್ಲಿದ್ದೆ. ಅದೇ ಜಿಲ್ಲೆಯ ಬೇರೆ ತಾಲ್ಲೂಕಿನ ದೈಹಿಕ ಶಿಕ್ಷಕ ನಾನು. ಹೊರಗಿನವರು ಒಬ್ಬರಿರಲಿ ಎಂದು ಕರೆದಿದ್ದರು. ಹಾಗಾಗಿ ಎಲ್ಲ ಕಡೆಯವರ ಮಾತು ಕೇಳುವ, ಕಾಗದ ಪತ್ರ ನೋಡುವ ಅವಕಾಶ ಸಿಕ್ಕಿತು. ತಾಲ್ಲೂಕು, ಶಾಲೆ, ವರ್ಷ ಯಾವುದನ್ನೂ ಹೇಳುವುದಿಲ್ಲ. ಇದರಲ್ಲಿ ಬರುವವರೆಲ್ಲ ಮಕ್ಕಳು. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ.

ಹಿನ್ನೆಲೆ

ಮಧ್ಯ ಕರ್ನಾಟಕದ ಬಯಲುಸೀಮೆಯ ಒಂದು ತಾಲ್ಲೂಕು. ನಾಲ್ಕು ಹೋಬಳಿ. ಪ್ರತಿ ಹೋಬಳಿ ಕೂಟದಲ್ಲಿ ಮೊದಲ ಎರಡು ಸ್ಥಾನ ಪಡೆದವರು ತಾಲ್ಲೂಕಿಗೆ ಬರುತ್ತಾರೆ. ತಾಲ್ಲೂಕಿನಲ್ಲಿ ಮೊದಲ ಇಬ್ಬರು ಜಿಲ್ಲೆಗೆ ಹೋಗುತ್ತಾರೆ. ಅಲ್ಲಿಂದ ವಿಭಾಗ, ಆಮೇಲೆ ರಾಜ್ಯ. ಅಂದರೆ ಒಂದೊಂದು ಓಟಕ್ಕೆ ತಾಲ್ಲೂಕಿನಲ್ಲಿ ಎಂಟು ಮಕ್ಕಳು, ಮೇಲೆ ಹೋಗುವ ಬಾಗಿಲು ಎರಡೇ. ಈ ಪ್ರಕರಣದ ಗಂಟು ಇರುವುದು ಆ ಎರಡನೇ ಬಾಗಿಲಲ್ಲಿ.

ಕೂಟ ಗುರುವಾರ, ಶುಕ್ರವಾರ ಎಂದು ಸುತ್ತೋಲೆ ಹೊರಟಿತ್ತು. ಪಟ್ಟಣದ ಕಾಲೇಜು ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ 200 ಮೀಟರಿನ ಟ್ರ್ಯಾಕ್. 17 ವರ್ಷದೊಳಗಿನ ಬಾಲಕಿಯರ 400 ಮತ್ತು 1500 ಮೀಟರ್ ಗುರುವಾರ. 800 ಮತ್ತು 3000 ಶುಕ್ರವಾರ. ದೂರದ ಓಟಗಳನ್ನು ಹೀಗೆ ಎರಡು ದಿನಕ್ಕೆ ಹಂಚಿದ್ದು ಒಳ್ಳೆಯ ಕೆಲಸವೇ. ಈ ಓಟಗಳಲ್ಲಿ ಅದೇ ಮಕ್ಕಳು ಇರುತ್ತಾರೆ, ಅವರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಬೇಕು.

ಮೂವರು ಹುಡುಗಿಯರು ಈ ಕಥೆಯಲ್ಲಿ ಬರುತ್ತಾರೆ.

ಮೊದಲನೆಯವಳು ಪಟ್ಟಣದ ಅನುದಾನಿತ ಶಾಲೆಯ ಹತ್ತನೇ ತರಗತಿ ಹುಡುಗಿ. ಹಿಂದಿನ ವರ್ಷ ರಾಜ್ಯ ಮಟ್ಟದಲ್ಲಿ ಪದಕ ತಂದವಳು. ಇಡೀ ಜಿಲ್ಲೆಯಲ್ಲಿ ಅವಳ ವಯಸ್ಸಿನಲ್ಲಿ ಅವಳ ಹತ್ತಿರ ಸುಳಿಯುವವರು ಇರಲಿಲ್ಲ. ಅವಳನ್ನು ಪಟ್ಟಣದ ಹುಡುಗಿ ಅನ್ನೋಣ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇವಳು ಸಿರಿವಂತರ ಮನೆಯ ಮಗಳಲ್ಲ. ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ಬೆಳಿಗ್ಗೆ ಐದಕ್ಕೆ ಅವಳನ್ನು ಮೈದಾನಕ್ಕೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ಇದನ್ನು ಬಲವಿದ್ದವರು ಬಲವಿಲ್ಲದವರನ್ನು ತುಳಿದ ಕಥೆ ಎಂದು ಓದಿದರೆ ತಪ್ಪಾಗುತ್ತದೆ.

ಎರಡನೆಯವಳು ತಾಲ್ಲೂಕಿನ ಗಡಿಯಲ್ಲಿರುವ ಸರ್ಕಾರಿ ಪ್ರೌಢಶಾಲೆಯವಳು. ಆ ಶಾಲೆಗೆ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಗಣಿತದ ಮೇಷ್ಟ್ರೇ ಮಕ್ಕಳನ್ನು ಕೂಟಕ್ಕೆ ಕರೆತರುತ್ತಿದ್ದರು. ಇವಳು ಗಡಿ ಊರಿನ ಹುಡುಗಿ. ಮೂರನೆಯವಳು ಅದೇ ಹೋಬಳಿಯ ವಸತಿ ಶಾಲೆಯವಳು. ಹೋಬಳಿ ಕೂಟದ 3000 ಮೀಟರಿನಲ್ಲಿ ಗಡಿ ಊರಿನವಳು ಮೊದಲು, ವಸತಿ ಶಾಲೆಯವಳು ಎರಡನೆಯವಳು.

ಬಂದ ಕೋರಿಕೆ

ಸುತ್ತೋಲೆ ಹೊರಟ ಮೇಲೆ ಗೊತ್ತಾಯಿತು, ಅದೇ ಶುಕ್ರವಾರ, ಶನಿವಾರ ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಜೂನಿಯರ್ ಅಥ್ಲೆಟಿಕ್ಸ್ ಕೂಟ ಇದೆ. ಅಲ್ಲಿ ಒಳ್ಳೆಯ ಸಮಯ ದಾಖಲಿಸಿದರೆ ರಾಷ್ಟ್ರ ಮಟ್ಟದ ಜೂನಿಯರ್ ಕೂಟಕ್ಕೆ ದಾರಿ. ಪಟ್ಟಣದ ಹುಡುಗಿ ಅದಕ್ಕಾಗಿ ತಿಂಗಳುಗಟ್ಟಲೆ ತಯಾರಿ ಮಾಡಿದ್ದಳು. ಗುರುವಾರ ರಾತ್ರಿ ಬಸ್ಸು ಹತ್ತಲೇಬೇಕು. ಹತ್ತಿದರೆ ಶುಕ್ರವಾರದ 800 ಮತ್ತು 3000 ಎರಡೂ ಕೈತಪ್ಪುತ್ತವೆ. ತಾಲ್ಲೂಕಿನಲ್ಲಿ ಓಡದಿದ್ದರೆ ಜಿಲ್ಲೆಗೆ ಹೋಗುವ ಹಾಗಿಲ್ಲ. ಆ ವರ್ಷದ ಶಾಲಾ ಕೂಟದಲ್ಲಿ ಅವಳಿಗೆ 1500 ಒಂದೇ ಉಳಿಯುತ್ತದೆ.

ಇದರಲ್ಲಿ ಅವಳ ತಪ್ಪೇನಿದೆ? ಶಾಲಾ ಕೂಟಗಳ ದಿನಾಂಕ ಇಲಾಖೆ ನೋಡಿಕೊಳ್ಳುತ್ತದೆ, ಅಥ್ಲೆಟಿಕ್ಸ್ ಸಂಸ್ಥೆಯ ಕೂಟಗಳ ದಿನಾಂಕ ಸಂಸ್ಥೆ ನೋಡಿಕೊಳ್ಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕೇಳಿರಲಿಲ್ಲ. ನಡುವೆ ಸಿಕ್ಕಿಕೊಂಡವಳು ಹದಿನಾರು ವರ್ಷದ ಹುಡುಗಿ.

ಅವಳ ಅಪ್ಪ ಮತ್ತು ತರಬೇತುದಾರರು ತಾಲ್ಲೂಕಿನ ದೈಹಿಕ ಶಿಕ್ಷಣ ಅಧಿಕಾರಿಯನ್ನು ಕಂಡರು. ಮೊದಲು ಕೇಳಿದ್ದು, ಇಡೀ ಕೂಟವನ್ನೇ ಒಂದು ವಾರ ಮುಂದಕ್ಕೆ ಹಾಕಿ ಎಂದು. ಅಧಿಕಾರಿ ಆಗಲೇ ಇಲ್ಲ ಅಂದರು. ಶಾಮಿಯಾನ, ಊಟ, ತೀರ್ಪುಗಾರರು ಎಲ್ಲ ಹೇಳಿಯಾಗಿತ್ತು. ಆಮೇಲೆ ಸಂಘಟನಾ ಸಮಿತಿ ಕೂತಿತು. ಮುಂದೆ ಇದ್ದದ್ದು ನಾಲ್ಕು ದಾರಿ.

ಎರಡೂ ಓಟಗಳನ್ನು ಗುರುವಾರಕ್ಕೇ ತರಬಹುದಿತ್ತು. ಆದರೆ ಆಗ ದೂರದ ಓಟದ ಮಕ್ಕಳೆಲ್ಲ ಒಂದೇ ದಿನ 1500, 800, 3000 ಓಡಬೇಕು. ತರಬೇತುದಾರರೇ ಬೇಡ ಅಂದರು, ಬೆಂಗಳೂರಿಗೆ ಹೋಗುವಷ್ಟರಲ್ಲಿ ಹುಡುಗಿಯ ಕಾಲು ಸತ್ತಿರುತ್ತದೆ ಎಂದು. ಎರಡನೇ ದಾರಿ, ಅವಳನ್ನು ಓಡಿಸದೆ ನೇರವಾಗಿ ಜಿಲ್ಲೆಗೆ ಕಳಿಸುವುದು. ಸುತ್ತೋಲೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಮೂರನೆಯದು, ಏನೂ ಮಾಡದೆ ಅವಳೇ ಒಂದನ್ನು ಆರಿಸಿಕೊಳ್ಳಲಿ ಎಂದು ಬಿಡುವುದು. ನಾಲ್ಕನೆಯದು, ಬಾಲಕಿಯರ 800 ಮತ್ತು 3000 ಎರಡನ್ನು ಮಾತ್ರ ಮುಂದಿನ ಮಂಗಳವಾರಕ್ಕೆ ಹಾಕುವುದು. ಕೂಟ ಎಂದಿನಂತೆ ನಡೆಯುತ್ತದೆ, ಎರಡು ಓಟ ಮಾತ್ರ ಆಮೇಲೆ. ಎಲ್ಲರಿಗೂ ಇದು ಸುಲಭ ಅನ್ನಿಸಿತು.

ಸಭೆಯ ನಡಾವಳಿಯನ್ನು ನಾನು ಆಮೇಲೆ ಓದಿದೆ. ಅಟ್ಲಾಂಟಾ ಒಲಿಂಪಿಕ್ಸ್ ಮಾತು ಅದರಲ್ಲಿದೆ. 1996ರಲ್ಲಿ ಮೈಕೆಲ್ ಜಾನ್ಸನ್ 200 ಮತ್ತು 400 ಎರಡನ್ನೂ ಓಡಲು ಆಗುವಂತೆ ಒಲಿಂಪಿಕ್ಸ್ ವೇಳಾಪಟ್ಟಿಯನ್ನೇ ಬದಲಿಸಿದ್ದರು, ನಾವು ಎರಡು ಓಟ ಬದಲಿಸಿದರೆ ಏನು ಮಹಾ ಎಂದು ತರಬೇತುದಾರರು ಹೇಳಿದ್ದಾರೆ. ಹೇಳಿದ್ದು ನಿಜ. ಜಾನ್ಸನ್ 400ನ್ನು 43.49 ಸೆಕೆಂಡಿನಲ್ಲಿ, 200ನ್ನು 19.32 ಸೆಕೆಂಡಿನಲ್ಲಿ ಓಡಿ ಎರಡೂ ಚಿನ್ನ ಗೆದ್ದರು. ಆದರೆ ಆ ಉದಾಹರಣೆಯ ಅರ್ಧ ಭಾಗ ಮಾತ್ರ ಸಭೆಗೆ ಬಂತು. ಆ ಬದಲಾವಣೆ ಆದದ್ದು ಕೂಟಕ್ಕೆ ಬಹಳ ಮುಂಚೆ. ಎಲ್ಲ ದೇಶಗಳಿಗೂ ಗೊತ್ತಿತ್ತು. ಅದೇ ಒಲಿಂಪಿಕ್ಸ್‌ನ ಮಹಿಳೆಯರ ವಿಭಾಗದಲ್ಲಿ ಫ್ರಾನ್ಸಿನ ಮರಿ ಜೋಸೆ ಪೆರೆಕ್ ಕೂಡ 200, 400 ಎರಡನ್ನೂ ಗೆದ್ದರು. ಓಡಬೇಕಿದ್ದವರು ಯಾರೂ ಗೊತ್ತಿಲ್ಲದೆ ತಪ್ಪಿಸಿಕೊಳ್ಳಲಿಲ್ಲ.

2016ರ ರಿಯೋ ಕಥೆಯನ್ನು ಯಾರಾದರೂ ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಆಲಿಸನ್ ಫೆಲಿಕ್ಸ್ 200, 400 ಎರಡನ್ನೂ ಓಡಲಿ ಎಂದು ತಿಂಗಳುಗಳ ಮುಂಚೆಯೇ ವೇಳಾಪಟ್ಟಿ ಬದಲಾಯಿತು. ಆಮೇಲೆ ಅಮೆರಿಕದ ಆಯ್ಕೆ ಕೂಟದ 200 ಮೀಟರಿನಲ್ಲಿ ಅವರು ನಾಲ್ಕನೆಯವರಾದರು, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮೊದಲ ಮೂವರಿಗೆ ಮಾತ್ರ ಅವಕಾಶ. ಅಷ್ಟು ದೊಡ್ಡ ಹೆಸರಿದ್ದರೂ ರಿಯೋದಲ್ಲಿ ಅವರು 200 ಓಡಲಿಲ್ಲ. ಸಮಯ ಹೊಂದಿಸಿಕೊಟ್ಟರು, ಸ್ಥಾನ ಕೊಡಲಿಲ್ಲ. ಹಾಗೆಯೇ 1924ರ ಪ್ಯಾರಿಸ್‌ನಲ್ಲಿ ಎರಿಕ್ ಲಿಡೆಲ್‌ಗಾಗಿ ಯಾರೂ ವೇಳಾಪಟ್ಟಿ ಬದಲಿಸಲಿಲ್ಲ. 100 ಮೀಟರಿನ ಮೊದಲ ಸುತ್ತು ಭಾನುವಾರ ಇತ್ತು, ಧಾರ್ಮಿಕ ನಂಬಿಕೆಯಿಂದ ಅವರು ಭಾನುವಾರ ಓಡುತ್ತಿರಲಿಲ್ಲ. ತಿಂಗಳುಗಳ ಮುಂಚೆ ತಿಳಿದಿದ್ದರಿಂದ 400ಕ್ಕೆ ತಯಾರಾಗಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಮೊದಲೇ ಗೊತ್ತಾದರೆ ಓಟಗಾರರು ದಾರಿ ಹುಡುಕಿಕೊಳ್ಳುತ್ತಾರೆ. ಕೊನೇ ಗಳಿಗೆಯಲ್ಲಿ ಗೊತ್ತಾದರೆ ಯಾರಿಗೂ ಆಗುವುದಿಲ್ಲ.

ಬುಧವಾರ ರಾತ್ರಿಯ ಸಂದೇಶ

ಸಮಿತಿ ನಾಲ್ಕನೇ ದಾರಿ ಹಿಡಿಯಿತು. ತೀರ್ಮಾನ ಆದದ್ದು ಬುಧವಾರ ಸಂಜೆ. ರಾತ್ರಿ ಎಂಟರ ಹೊತ್ತಿಗೆ ದೈಹಿಕ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಸಂದೇಶ ಹೋಯಿತು. ಗಡಿ ಊರಿನ ಶಾಲೆಗೆ ದೈಹಿಕ ಶಿಕ್ಷಕರೇ ಇಲ್ಲ. ಗಣಿತದ ಮೇಷ್ಟ್ರು ಆ ಗುಂಪಿನಲ್ಲಿರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ, ಆದರೆ ಸಂದೇಶ ತಲುಪಿತೇ ಎಂದು ಕೇಳಿದವರೂ ಇಲ್ಲ.

ಗುರುವಾರ 1500 ನಡೆಯಿತು. ಪಟ್ಟಣದ ಹುಡುಗಿ ಸುಲಭವಾಗಿ ಗೆದ್ದಳು. ವಸತಿ ಶಾಲೆಯವಳು ಎರಡನೆಯವಳು, ಗಡಿ ಊರಿನವಳು ಮೂರನೆಯವಳು. ಆ ದಿನ ಮೈಕಿನಲ್ಲಿ ಶುಕ್ರವಾರದ ಬದಲಾವಣೆ ಹೇಳಿದ್ದೇವೆ ಎಂದು ಸಂಘಟಕರು ಹೇಳುತ್ತಾರೆ. ಕೇಳಿಸಲಿಲ್ಲ ಎಂದು ಮೇಷ್ಟ್ರು ಹೇಳುತ್ತಾರೆ. ಇಬ್ಬರ ಮಾತೂ ನಿಜ ಇರಬಹುದು. ಕೂಟದ ಮೈಕಿನಲ್ಲಿ ದಿನವಿಡೀ ಎಷ್ಟು ಹೆಸರು, ಎಷ್ಟು ಸೂಚನೆ ಕೂಗುತ್ತಾರೆ ಎಂದು ಮೈದಾನದಲ್ಲಿ ಇದ್ದವರಿಗೆ ಗೊತ್ತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಹುಡುಗಿಯನ್ನು ಕರೆದುಕೊಂಡು ಬಂದರು. ಎದೆಗೆ ನಂಬರ್ ಚೀಟಿ ಪಿನ್ನು ಮಾಡಿಕೊಂಡು ಕೂತಿದ್ದಾಗ ಹೇಳಿದರು, ನಿನ್ನ ಓಟ ಮಂಗಳವಾರ ಎಂದು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಸರಿ. ಆದರೆ ಆ ಊರಿಗೆ ಬಸ್ಸು ಬರುವುದೇ ಬೆಳಿಗ್ಗೆ ಒಂದು, ಸಂಜೆ ಒಂದು. ಸಂಜೆಯ ತನಕ ಮೈದಾನದಲ್ಲೇ ಕೂತು ಇಬ್ಬರೂ ವಾಪಸು ಹೋದರು.

ಮಂಗಳವಾರ ಆ ಶಾಲೆಯಲ್ಲಿ ಕಿರುಪರೀಕ್ಷೆ. ಮೇಷ್ಟ್ರು ಬಿಟ್ಟು ಬರುವ ಹಾಗಿರಲಿಲ್ಲ. ಹೆಣ್ಣು ಮಗುವನ್ನು ಒಂಟಿಯಾಗಿ ಕಳಿಸುವ ಹಾಗೂ ಇಲ್ಲ. ಮೇಲೆ ಅದು ಈರುಳ್ಳಿ ಕೀಳುವ ಕಾಲ, ಮನೆಯವರು ಎರಡು ದಿನ ಬಿಟ್ಟದ್ದೇ ದೊಡ್ಡದು. ಅವಳು ಬರಲಿಲ್ಲ. 3000ಕ್ಕೆ ಎಂಟರಲ್ಲಿ ಐವರು ಬಂದರು. ಪಟ್ಟಣದ ಹುಡುಗಿ ಬೆಂಗಳೂರಿನಿಂದ ಬಂದು, ಮೈಕೈ ನೋವಿನಲ್ಲೇ ಓಡಿ ಎರಡೂ ಓಟ ಗೆದ್ದಳು. 3000ದಲ್ಲಿ ಎರಡನೇ ಸ್ಥಾನ ವಸತಿ ಶಾಲೆಯ ಹುಡುಗಿಗೆ ಹೋಯಿತು. ಹೋಬಳಿಯಲ್ಲಿ ಗಡಿ ಊರಿನವಳ ಹಿಂದೆ ಬಂದಿದ್ದವಳಿಗೆ.

ಬೆಂಗಳೂರಿನಲ್ಲಿ ಪಟ್ಟಣದ ಹುಡುಗಿಗೆ ಬೇಕಿದ್ದ ಸಮಯ ಸಿಗಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಆಮೇಲೆ ಕೆಲವರು ಅದನ್ನೇ ಹಿಡಿದು, ನೋಡಿ, ಸುಮ್ನೆ ಇಷ್ಟೆಲ್ಲ ಮಾಡಿದಿರಿ ಅಂದರು. ಅದು ಸರಿಯಲ್ಲ. ಫಲಿತಾಂಶ ನೋಡಿ ಕೋರಿಕೆಯನ್ನು ಅಳೆಯಬಾರದು. ಅವಳು ಕೇಳಿದ್ದು ಓಡುವ ಅವಕಾಶ.

ದೂರು, ಮತ್ತು ಮೂವತ್ತು ನಿಮಿಷದ ಪ್ರಶ್ನೆ

ಗಡಿ ಊರಿನ ಶಾಲೆಯ ಮುಖ್ಯ ಶಿಕ್ಷಕಿ ಒಂದು ಪುಟದ ದೂರು ಬರೆದರು. ಒಳ್ಳೆಯ ದೂರು ಅದು. ಯಾರನ್ನೂ ಬೈದಿರಲಿಲ್ಲ. ನಮ್ಮ ವಿದ್ಯಾರ್ಥಿನಿ ನಿಗದಿಯಾದ ದಿನ, ನಿಗದಿಯಾದ ಸಮಯಕ್ಕೆ ಮೈದಾನದಲ್ಲಿ ಇದ್ದಳು, ಓಟ ಇರಲಿಲ್ಲ, ಇದಕ್ಕೆ ಅವಳು ಹೇಗೆ ಹೊಣೆ ಎಂದು ಕೇಳಿದ್ದರು.

ಮೇಲ್ಮನವಿ ಸಮಿತಿಗೆ ಮೂವರನ್ನು ಹಾಕಿದರು. ಮೊದಲ ಪಟ್ಟಿಯಲ್ಲಿ ದೈಹಿಕ ಶಿಕ್ಷಣ ಅಧಿಕಾರಿಯ ಹೆಸರೂ ಇತ್ತು. ದಿನಾಂಕ ಬದಲಿಸಿದವರೇ ಅದು ಸರಿಯೇ ಎಂದು ನೋಡುವುದು ಬೇಡ ಎಂದು ನಾನು ಹೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಹಿಂದೆ ಸರಿದರು. ಅವರ ಜಾಗಕ್ಕೆ ಆ ಓಟದಲ್ಲಿ ಮಕ್ಕಳಿಲ್ಲದ ಶಾಲೆಯ ಮುಖ್ಯ ಶಿಕ್ಷಕರೊಬ್ಬರು ಬಂದರು. ಮೂರನೆಯವರು ಹಿರಿಯ ದೈಹಿಕ ಶಿಕ್ಷಕರು, ನಿಯಮದ ಪುಸ್ತಕ ಬಾಯಿಪಾಠ ಇದ್ದವರು.

ಮೊದಲ ತಕರಾರು ಅವರಿಂದಲೇ ಬಂತು. ಅಥ್ಲೆಟಿಕ್ಸ್ ನಿಯಮದ ಪ್ರಕಾರ ಫಲಿತಾಂಶ ಹೇಳಿದ ಮೂವತ್ತು ನಿಮಿಷದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಈ ದೂರು ಬಂದಿದ್ದು ಶುಕ್ರವಾರ, ಓಟ ಮುಗಿದು ಮೂರು ದಿನ ಆದ ಮೇಲೆ. ನಿಯಮದ ಪ್ರಕಾರ ತೆಗೆದುಕೊಳ್ಳುವ ಹಾಗಿಲ್ಲ ಅಂದರು.

ಇದು ಈ ಪ್ರಕರಣದ ಮೊದಲ ತಿರುವು. ನಾವು ಬಹಳ ಹೊತ್ತು ಮಾತಾಡಿದ್ದು ಇದರ ಮೇಲೆ. ಮೂವತ್ತು ನಿಮಿಷದ ನಿಯಮ ಇರುವುದು ಯಾಕೆ? ಅಡ್ಡ ಬಂದರು, ತಳ್ಳಿದರು, ಸುತ್ತು ಲೆಕ್ಕ ತಪ್ಪಿತು ಎಂಬ ಜಗಳಗಳು ನೆನಪು ಹಸಿ ಇರುವಾಗಲೇ ಮುಗಿಯಲಿ ಎಂದು. 200 ಮೀಟರ್ ಟ್ರ್ಯಾಕಿನಲ್ಲಿ 3000 ಅಂದರೆ ಹದಿನೈದು ಸುತ್ತು. ಸುತ್ತಿನ ಲೆಕ್ಕದ ಜಗಳ ಪ್ರತಿ ಕೂಟದಲ್ಲೂ ಇದೆ. ಅಂಥದ್ದಕ್ಕೆ ಈ ನಿಯಮ ಸರಿ. ಆದರೆ ಈ ಹುಡುಗಿಯ ದೂರು ಓಟದ ಬಗ್ಗೆ ಅಲ್ಲವೇ ಅಲ್ಲ. ಓಟವೇ ಸಿಗಲಿಲ್ಲ ಎಂಬುದರ ಬಗ್ಗೆ. ಮೈದಾನಕ್ಕೆ ಬರಲಾಗದವರು ಫಲಿತಾಂಶ ಕೇಳಿ ಮೂವತ್ತು ನಿಮಿಷದಲ್ಲಿ ಆಕ್ಷೇಪಣೆ ಕೊಡುವುದು ಹೇಗೆ? ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು ಬಿಡಿ, ಅವಳ ಕೈಗೆ ಗಡಿಯಾರನೇ ಕೊಟ್ಟಿಲ್ಲ ನಾವು’ ಅಂದರು. ದೂರನ್ನು ತೆಗೆದುಕೊಂಡೆವು.

ಏನು ಪರಿಹಾರ ಕೊಡುವುದು?

ತಪ್ಪಾಗಿದೆ ಎಂದು ಒಪ್ಪುವುದು ಸುಲಭ. ಸರಿ ಮಾಡುವುದು ಕಷ್ಟ. ಮಂಗಳವಾರದ 3000ವನ್ನು ಪೂರ್ತಿ ರದ್ದು ಮಾಡಿ ಮತ್ತೆ ಓಡಿಸಿದರೆ ಪಟ್ಟಣದ ಹುಡುಗಿ ಇನ್ನೊಮ್ಮೆ ಓಡಬೇಕು. ಸಂದೇಶ ಸರಿಯಾಗಿ ಕಳಿಸದಿದ್ದದ್ದು ಸಂಘಟಕರು, ದಂಡ ಅವಳಿಗೆ. ರದ್ದು ಮಾಡದೆ ಬಿಟ್ಟರೆ ದಂಡ ಗಡಿ ಊರಿನವಳಿಗೆ. ಇಬ್ಬರನ್ನೂ ಎರಡನೆಯವರೆಂದು ಕಳಿಸೋಣ ಎಂದರೆ ಜಿಲ್ಲೆಯವರು ತಾಲ್ಲೂಕಿಗೆ ಎರಡೇ ಹೆಸರು ಅಂದರು.

ಪಟ್ಟಣದ ಹುಡುಗಿಯ ಅಪ್ಪನನ್ನು ಕರೆದು ಕೇಳಿದೆವು. ಅವರು ಕೈಮುಗಿದು, ‘ಸಾರ್, ನಮ್ ಹುಡುಗಿ ಓಡ್ತಾಳೆ, ಅದಕ್ಕೇನಿಲ್ಲ. ಆ ಮಗೂನೂ ಓಡ್ಲಿ. ಆದ್ರೆ ನಮ್ಮಿಂದ ಅವಳಿಗೆ ತಪ್ಪೋಯ್ತು ಅಂತ ಊರಲ್ಲಿ ಮಾತಾಡ್ತಾರಲ್ಲ, ಅದು ಬ್ಯಾಡ’ ಅಂದರು. ಅವರಿಗೆ ನಿದ್ದೆ ಕೆಡಿಸಿದ್ದು ಆ ಮಾತು. ಬೇರೆ ಮಗುವಿನ ಅವಕಾಶ ಹೋಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೇಳಿದರು, ಕೊಟ್ಟರು, ಅಷ್ಟೇ. ಒಬ್ಬರಿಗೆ ಅನುಕೂಲ ಕೊಡುವಾಗ ಅದರ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಪಡೆಯುವವರಿಗೂ ಹೇಳಬೇಕು. ಎಷ್ಟೋ ಸಲ ಅವರೇ ಬೇಡ ಅನ್ನುತ್ತಾರೆ.

ಕೊನೆಗೆ ಹೀಗೆ ತೀರ್ಮಾನಿಸಿದೆವು. ಪಟ್ಟಣದ ಹುಡುಗಿಯ ಮೊದಲ ಸ್ಥಾನ ಹಾಗೇ ಇರಲಿ. ಅವಳ ಗೆಲುವಿನ ಬಗ್ಗೆ ದೂರಿನಲ್ಲೂ ತಕರಾರು ಇರಲಿಲ್ಲ. ಎರಡನೇ ಸ್ಥಾನಕ್ಕೆ ಮಾತ್ರ ಉಳಿದ ಏಳು ಮಕ್ಕಳಿಗೆ ಇನ್ನೊಂದು ಓಟ. ದಿನಾಂಕವನ್ನು ಮೊದಲು ಆ ಏಳು ಶಾಲೆಗಳಿಗೆ ಫೋನು ಮಾಡಿ ಕೇಳಿ, ಆಮೇಲೆ ನಿಗದಿ ಮಾಡುವುದು. ಮುಖ್ಯ ಶಿಕ್ಷಕರಿಂದ ತಲುಪಿದೆ ಎಂದು ಸಹಿ ಪಡೆಯುವುದು. ಗಡಿ ಊರಿನ ಮೇಷ್ಟ್ರು, ಹುಡುಗಿ ಬಂದು ಹೋಗಲು ತಾಲ್ಲೂಕಿನಿಂದ ಜೀಪು. 800ಕ್ಕೆ ಬಾರದ ಇಬ್ಬರ ಶಾಲೆಗಳಿಗೂ ಕೇಳಿದೆವು, ಅವರಿಗೆ ಸಂದೇಶ ತಲುಪಿತ್ತು, ದೂರಿಲ್ಲ ಎಂದು ಬರೆದುಕೊಟ್ಟರು.

ಓಟ ನಡೆಯಿತು. ಏಳರಲ್ಲಿ ಆರು ಮಕ್ಕಳು ಬಂದರು. ಹನ್ನೊಂದನೇ ಸುತ್ತಿನವರೆಗೆ ಗಡಿ ಊರಿನವಳು ಮುಂದಿದ್ದಳು. ಆಮೇಲೆ ವಸತಿ ಶಾಲೆಯವಳು ಹಿಡಿದಳು, ಕೊನೆಯ ಎರಡು ಸುತ್ತಿನಲ್ಲಿ ದಾಟಿ ಹೋದಳು. ಫಲಿತಾಂಶ ಮಂಗಳವಾರದ್ದೇ. ವಸತಿ ಶಾಲೆಯ ಹುಡುಗಿಯೇ ಜಿಲ್ಲೆಗೆ ಹೋದಳು.

ಏನೂ ಬದಲಾಗಲಿಲ್ಲ, ಮರುಓಟ ದಂಡ ಎಂದವರೂ ಇದ್ದರು. ನಾನು ಹಾಗೆ ನೋಡುವುದಿಲ್ಲ. ಗಡಿ ಊರಿನ ಮುಖ್ಯ ಶಿಕ್ಷಕಿ ಅಲ್ಲೇ ಫಲಿತಾಂಶದ ಹಾಳೆಗೆ ಸಹಿ ಹಾಕಿದರು. ಹುಡುಗಿ ಸೋತಳು, ಆದರೆ ಓಡಿ ಸೋತಳು. ಆದರೂ ಅವಳ ಮೇಷ್ಟ್ರು ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ಆ ಶುಕ್ರವಾರ ಅವಳ ಕಾಲಲ್ಲಿ ಓಟ ಇತ್ತು, ಆಮೇಲೆ ಎರಡು ವಾರ ಹೊಲದಲ್ಲಿ ಬಗ್ಗಿ ಈರುಳ್ಳಿ ಕಿತ್ತಿದ್ದಾಳೆ ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಳೆದುಹೋದ ದಿನವನ್ನು ಯಾವ ಸಮಿತಿಯೂ ಪೂರ್ತಿ ವಾಪಸು ಕೊಡಲಾರದು.

ಯಾರೂ ಕೇಳದಿದ್ದ ಹುಡುಗಿ

ಈ ಪ್ರಕರಣವನ್ನು ಬೇರೆ ಕಡೆ ಹೇಳಿದಾಗಲೆಲ್ಲ ಜನ ಪಟ್ಟಣದ ಹುಡುಗಿ ಅಥವಾ ಗಡಿ ಊರಿನ ಹುಡುಗಿ, ಇಬ್ಬರಲ್ಲಿ ಒಬ್ಬರ ಪರ ನಿಲ್ಲುತ್ತಾರೆ. ನನ್ನನ್ನು ಜಾಸ್ತಿ ಕಾಡುವವಳು ವಸತಿ ಶಾಲೆಯವಳು. ಅವಳು ಶುಕ್ರವಾರ ಓಡಲು ತಯಾರಿದ್ದಳು, ಓಟ ಇಲ್ಲ ಅಂದರು. ಮಂಗಳವಾರ ಬಂದು ಓಡಿ ಸ್ಥಾನ ಗಳಿಸಿದಳು, ಅದು ಇನ್ನೂ ನಿನ್ನದಲ್ಲ ಅಂದರು. ಮತ್ತೆ ಓಡಿ ಗಳಿಸಿದಳು. ಒಂದೇ ಸ್ಥಾನಕ್ಕೆ ಎರಡು ಸಲ 3000 ಮೀಟರ್. ಅವಳ ಕಡೆಯಿಂದ ದೂರಿಲ್ಲ, ಕೋರಿಕೆಯಿಲ್ಲ. ನಮ್ಮ ಸಮಿತಿಯ ಮುಂದೆ ಅವಳ ಮೇಷ್ಟ್ರು ಬಂದದ್ದು ನಾವು ಕರೆದ ಮೇಲೆ, ಅದೂ ತೀರ್ಮಾನ ಹೇಳಲು. ದಿನಾಂಕ ಬದಲಾದಾಗ ಪೆಟ್ಟು ಬೀಳುವುದು ಹೀಗೆ ಬಾಯಿ ಬಿಡದವರಿಗೆ. ಅವರನ್ನು ನಾವೇ ಹುಡುಕಿಕೊಂಡು ಹೋಗಿ ಕೇಳಬೇಕು, ತೀರ್ಮಾನಕ್ಕೆ ಮುಂಚೆ.

ಅದೇ ಕೂಟದಲ್ಲಿ ಸರಿಯಾಗಿ ನಡೆದ ಬದಲಾವಣೆಯೂ ಒಂದಿದೆ. ಗುರುವಾರ ಬಾಲಕರ 400ರ ಫೈನಲ್ ಮುಗಿದ ಇಪ್ಪತ್ತು ನಿಮಿಷಕ್ಕೆ 1500 ಇತ್ತು. ಎರಡರಲ್ಲೂ ಇದ್ದ ಹುಡುಗರ ಮೇಷ್ಟ್ರು ಬೆಳಿಗ್ಗೆಯೇ ಬಂದು ಕೇಳಿದರು. ಟ್ರ್ಯಾಕ್ ತೀರ್ಪುಗಾರರು 1500 ಓಡುವ ಹುಡುಗರನ್ನೆಲ್ಲ ಕರೆದು, ಊಟದ ನಂತರ ಓಡಿಸಲೇ ಎಂದು ಕೇಳಿದರು. ಎಲ್ಲರೂ ಹೂಂ ಅಂದರು, ಓಟ ಮಧ್ಯಾಹ್ನಕ್ಕೆ ಹೋಯಿತು. ಯಾರ ಬಸ್ಸೂ ತಪ್ಪಲಿಲ್ಲ, ಯಾರ ಪರೀಕ್ಷೆಯೂ ಕೆಡಲಿಲ್ಲ. ಆ ಬಿಡುವು ಕೇಳಿದವರಿಗೆ ಸಿಕ್ಕಷ್ಟೇ ಕೇಳದವರಿಗೂ ಸಿಕ್ಕಿತು. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲೂ ಇಂಥ ಬಿಡುವಿನ ಲೆಕ್ಕ ಇದೆ. ಒಂದೇ ಓಟದ ಎರಡು ಸುತ್ತಿನ ನಡುವೆ, ಸಾಧ್ಯವಾದ ಕಡೆಯೆಲ್ಲ, 200 ಮೀಟರಿನವರೆಗೆ 45 ನಿಮಿಷ, ಅದರ ಮೇಲೆ 1000 ಮೀಟರಿನವರೆಗೆ 90 ನಿಮಿಷ ಬಿಡಬೇಕು. 1000 ಮೀಟರ್ ದಾಟಿದ ಓಟಗಳ ಎರಡು ಸುತ್ತು ಒಂದೇ ದಿನ ಇಡಬಾರದು. ಅದರಲ್ಲಿ ಯಾರ ಹೆಸರೂ ಇಲ್ಲ. ಪದಕ ತರುವವರಿಗೂ ಅದೇ, ಕೊನೆಗೆ ಬರುವವರಿಗೂ ಅದೇ. ಚೆನ್ನಾಗಿ ಓಡುವ ಮಕ್ಕಳು ಜಾಸ್ತಿ ಸುತ್ತು ಓಡುತ್ತಾರೆ, ಆದ್ದರಿಂದ ಇದರ ಲಾಭ ಅವರಿಗೇ ಹೆಚ್ಚು. ಆದರೂ ಯಾರೂ ಅನ್ಯಾಯ ಅನ್ನುವುದಿಲ್ಲ.

ಇದನ್ನೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ಒಂದೇ ದಿನದೊಳಗೆ ಸಮಯ ಹಿಂದೆ ಮುಂದೆ ಮಾಡುವುದಕ್ಕೆ ಕೈ ಬಿಚ್ಚಿರಬೇಕು. ಓಡುವವರನ್ನೆಲ್ಲ ಕೇಳಿ ಮಾಡಿದರೆ ಅದರಲ್ಲಿ ತಪ್ಪಿಲ್ಲ. ಸುತ್ತೋಲೆ ಹೊರಟ ಮೇಲೆ ದಿನ ಬದಲಿಸುವುದು ಬೇರೆಯೇ ವಿಷಯ. ಪಟ್ಟಣದ ಶಾಲೆಗೆ ಮಂಗಳವಾರವೂ ಒಂದೇ, ಶುಕ್ರವಾರವೂ ಒಂದೇ. ಒಂದೇ ಬಸ್ಸಿನ ಊರಿಗೆ ಹಾಗಲ್ಲ. ದಿನ ಬದಲಾವಣೆಯನ್ನು ಎಲ್ಲರಿಗೂ ಸಮಾನವಾಗಿ ಮಾಡಿದ್ದೇವೆ ಎಂದು ಸಂಘಟಕರು ನಮ್ಮ ಮುಂದೆ ಹೇಳಿದರು. ಕಾಗದದ ಮೇಲೆ ಸಮಾನ, ದಾರಿಯ ಮೇಲೆ ಅಲ್ಲ.

ಹಾಗಾದರೆ ಪಟ್ಟಣದ ಹುಡುಗಿಗೆ ಏನು ಮಾಡಬೇಕಿತ್ತು? ಏನೂ ಬೇಡ, ಆರಿಸಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆ ವರ್ಷ ಅವಳು 800 ಮತ್ತು 3000 ಎರಡರಲ್ಲೂ ಜಿಲ್ಲೆ ಗೆದ್ದು ವಿಭಾಗಕ್ಕೆ ಹೋದಳು. ಅಂಥ ಮಗುವನ್ನು ತಾಲ್ಲೂಕಿನಲ್ಲೇ ನಿಲ್ಲಿಸುವುದು ನಷ್ಟವೇ. ಆದರೆ ಸಭೆ ಒಂದೇ ಮಾತಿನಲ್ಲಿ ಬಿಟ್ಟ ಎರಡನೇ ದಾರಿಯನ್ನು, ಅಂದರೆ ನೇರ ಪ್ರವೇಶವನ್ನು, ಸ್ವಲ್ಪ ಬಿಡಿಸಿ ನೋಡಬೇಕಿತ್ತು. 100 ಮೀಟರಿನಲ್ಲಿ ಲೇನ್ ಲೆಕ್ಕ ಇರುತ್ತದೆ, ಒಬ್ಬರನ್ನು ಸೇರಿಸಿದರೆ ಇನ್ನೊಬ್ಬರ ಜಾಗ ಹೋಗಬಹುದು. 1500, 3000 ಓಟಗಳಿಗೆ ಆ ತೊಂದರೆ ಇಲ್ಲ, ಮಕ್ಕಳೆಲ್ಲ ಒಂದೇ ಗೆರೆಯಿಂದ ಹೊರಡುತ್ತಾರೆ. ಜಿಲ್ಲೆಯ 3000ಕ್ಕೆ ತಾಲ್ಲೂಕಿನ ಇಬ್ಬರ ಜೊತೆಗೆ ಇನ್ನೊಬ್ಬಳನ್ನು ನಿಲ್ಲಿಸಿದರೆ ಗೆಲ್ಲುವುದು ಉಳಿದವರಿಗೆ ಕಷ್ಟ ಆಗಬಹುದು, ಓಡುವ ಜಾಗ ಮಾತ್ರ ಯಾರದ್ದೂ ಹೋಗುವುದಿಲ್ಲ. ಅದೇ ದಿನ ರಾಜ್ಯ ಮಟ್ಟದ ಅಧಿಕೃತ ಕೂಟದಲ್ಲಿ ಓಡಿದ್ದಾಳೆ ಎಂಬ ದಾಖಲೆ ತಂದರೆ ದೂರದ ಓಟಗಳಿಗೆ ಮಾತ್ರ ಹೆಚ್ಚುವರಿಯಾಗಿ ಬಿಡಬಹುದು. ಹಾಗೆ ಮಾಡಿದ್ದರೆ ಶುಕ್ರವಾರ ಉಳಿದ ಏಳು ಮಕ್ಕಳು ತಮ್ಮ ಓಟ ಓಡಿ ಮನೆಗೆ ಹೋಗುತ್ತಿದ್ದರು.

ಮುಂದಿನ ವರ್ಷ ಆ ತಾಲ್ಲೂಕು ಸುತ್ತೋಲೆಯಲ್ಲಿ ಕೆಲವು ಸಾಲು ಸೇರಿಸಿತು. ಬದಲಾವಣೆ ಬೇಕಿದ್ದವರು ಸುತ್ತೋಲೆ ಹೊರಟ ಒಂದು ವಾರದೊಳಗೆ ಲಿಖಿತವಾಗಿ ಕೇಳಬೇಕು. ಅದು ತಟ್ಟುವ ಎಲ್ಲ ಶಾಲೆಗಳ ಮುಖ್ಯ ಶಿಕ್ಷಕರಿಗೆ ಫೋನು ಹೋಗಬೇಕು, ಒಂದು ಶಾಲೆ ಆಗುವುದಿಲ್ಲ ಅಂದರೂ ದಿನ ಬದಲಾಗುವುದಿಲ್ಲ. ಒಪ್ಪಿದರೂ ಒಪ್ಪದಿದ್ದರೂ ಕಾರಣ ಬರೆದುಕೊಡಬೇಕು. ದೈಹಿಕ ಶಿಕ್ಷಕರಿಲ್ಲದ ಶಾಲೆಗಳ ಜವಾಬ್ದಾರಿ ಹೊತ್ತ ಮೇಷ್ಟ್ರುಗಳನ್ನೂ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರು. ಆ ವರ್ಷವೂ ದಿನಾಂಕ ಬದಲಿಸಿ ಎಂದು ಒಬ್ಬ ಹುಡುಗನ ಪರವಾಗಿ ಅರ್ಜಿ ಬಂತು. ಎರಡು ಶಾಲೆ ಆಗುವುದಿಲ್ಲ ಅಂದವು. ದಿನ ಬದಲಾಗಲಿಲ್ಲ, ಹುಡುಗನ ಮನೆಯವರಿಗೆ ಬೇಸರವಾಯಿತು. ಅವರ ಬೇಸರವೂ ನ್ಯಾಯದ್ದೇ. ನೇರ ಪ್ರವೇಶದ ನಿಯಮ ಇದ್ದಿದ್ದರೆ ಅವನೂ ಉಳಿಯುತ್ತಿದ್ದ.

ಆ ನಿಯಮ ತಾಲ್ಲೂಕಿನ ಕೈಯಲ್ಲಿಲ್ಲ. ದೂರದ ಓಟಗಳಿಗೆ ಹೆಚ್ಚುವರಿ ಪ್ರವೇಶ ಕೊಡಿ, ಶಾಲಾ ಕೂಟಗಳ ದಿನಾಂಕ ಗೊತ್ತುಮಾಡುವ ಮುಂಚೆ ಅಥ್ಲೆಟಿಕ್ಸ್ ಸಂಸ್ಥೆಯ ಪಟ್ಟಿ ನೋಡಿ ಎಂದು ನಾವು ಕೆಲವು ದೈಹಿಕ ಶಿಕ್ಷಕರು ಸೇರಿ ಜಿಲ್ಲೆಗೆ ಬರೆದೆವು. ಉತ್ತರ ಬಂದಿಲ್ಲ. ಈ ಸಲ ಕೂಟ ಶುರುವಾಗುವ ಮುಂಚೆ ಮತ್ತೆ ಕಳಿಸುತ್ತಿದ್ದೇವೆ. ಹೊಸ ಪತ್ರಕ್ಕೆ ಗಡಿ ಊರಿನ ಮುಖ್ಯ ಶಿಕ್ಷಕಿ, ಪಟ್ಟಣದ ತರಬೇತುದಾರರು, ವಸತಿ ಶಾಲೆಯ ಮೇಷ್ಟ್ರು ಮೂವರೂ ಸಹಿ ಹಾಕಿದ್ದಾರೆ.